ಕೊಕ್ಕೆಪ್ಪನ ಡಬ್ಬಿಯಲ್ಲಿ ಎಷ್ಟು ಚಿನ್ನವಿತ್ತು?

ಮೊದಲ ವಾಚನ ಮುಗಿದಾಗ ರಾತ್ರಿ ಒಂಬತ್ತೂವರೆ ಆಗಿತ್ತು. ಹನ್ನೊಂದು ಜನ ಚಾಪೆಯ ಮೇಲೆ ಕುಳಿತಿದ್ದೆವು. ಹಣ ಕಳೆದುಕೊಳ್ಳುವ ಜಿಪುಣನೊಬ್ಬನ ಕಥೆಯಿರುವ, ನಾನು ಕನ್ನಡಕ್ಕೆ ರೂಪಾಂತರಿಸಿದ್ದ ಹಾಸ್ಯನಾಟಕ. ಎರಡು ಗಂಟೆ ಓದಿದರೂ ನಾಲ್ಕೇ ಸಲ ನಗು ಬಂದಿತ್ತು, ಅದರಲ್ಲಿ ಒಂದು ನಡುವೆ ಒಳಗೆ ಬಂದ ಬೆಕ್ಕಿಗೆ ಸಲ್ಲಬೇಕು. ಯಾರೂ ನನ್ನ ಮುಖ ನೋಡಲಿಲ್ಲ. ಮುಖ್ಯ ಪಾತ್ರ ಓದಿದ್ದವರು ಬ್ಯಾಂಕಿನಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕ್ಯಾಷಿಯರ್ ಆಗಿ ನಿವೃತ್ತರಾದವರು. ತಂಡದಲ್ಲಿ ಎಲ್ಲರಿಗೂ ಅವರು ಕ್ಯಾಷಿಯರ್ ಸಾಹೇಬರೇ. ಕನ್ನಡಕ ಒರೆಸಿಕೊಳ್ಳುತ್ತ ಅವರು ಕೇಳಿದರು: “ಸರ್, ಈ ಮನುಷ್ಯನಿಗೆ ಬೆಂಗಳೂರಿನಲ್ಲಿ ಮೂರಂತಸ್ತಿನ ಸ್ವಂತ ಮನೆ ಇದೆ, ಬಾಡಿಗೆ ಬರುತ್ತದೆ. ಒಂದು ಕೋಟಿ ಹೋದರೆ ಹುಚ್ಚು ಹಿಡಿಯುವಷ್ಟು ಸಂಕಟವಾಗುತ್ತದೆಯೇ? ಒಂದು ಕೋಟಿಗೆ ಅವನ ಮನೆಯ ಒಂದು ಮಹಡಿಯೂ ಬರುವುದಿಲ್ಲವಲ್ಲ?”

ನಾನು ಸಂಭಾಷಣೆಯ ಬಗ್ಗೆ, ಪಾತ್ರಗಳ ಬಗ್ಗೆ ಪ್ರಶ್ನೆ ಬರಬಹುದೆಂದು ಉತ್ತರ ಸಿದ್ಧಮಾಡಿಕೊಂಡು ಕುಳಿತಿದ್ದೆ. ಮೊತ್ತದ ಬಗ್ಗೆ ಪ್ರಶ್ನೆ ಬರುತ್ತದೆಂದು ಎಣಿಸಿರಲಿಲ್ಲ. ಆಮೇಲಿನ ನಾಲ್ಕು ತಿಂಗಳು ನಾನು ಮಾಡಿದ್ದೆಲ್ಲ ಒಂದು ರೀತಿಯಲ್ಲಿ ಆ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ.

ನಾನು ಹವ್ಯಾಸಿ. ಹಗಲು ಔಷಧಿ ಅಂಗಡಿ, ಸಂಜೆ ತಾಲೀಮು. ಎತ್ತಿಕೊಂಡ ನಾಟಕ ಫ್ರೆಂಚ್ ನಾಟಕಕಾರ ಮೋಲಿಯೇರನ ‘ಲಾವಾರ್’, ಅಂದರೆ ಜಿಪುಣ. 1668ರ ಸೆಪ್ಟೆಂಬರ್ 9ರಂದು ಪ್ಯಾರಿಸ್ಸಿನ ಪಾಲೆ ರುವಾಯಾಲ್ ರಂಗಮಂದಿರದಲ್ಲಿ ಅದರ ಮೊದಲ ಪ್ರದರ್ಶನವಾಯಿತು. ಜಿಪುಣ ಹಾರ್ಪಗಾನನ ಪಾತ್ರವನ್ನು ಮೋಲಿಯೇರನೇ ಮಾಡಿದ. ಐದಂಕದ ನಾಟಕವೆಂದರೆ ಪದ್ಯದಲ್ಲಿರಬೇಕು ಎನ್ನುತ್ತಿದ್ದ ಕಾಲದಲ್ಲಿ ಗದ್ಯದಲ್ಲಿ ಬರೆದಿದ್ದ, ಮೊದಮೊದಲು ನಾಟಕ ಅಷ್ಟೇನೂ ಓಡಲಿಲ್ಲ. ಕಥೆಯ ಬೀಜವೂ ಅವನದಲ್ಲ. ರೋಮನ್ ನಾಟಕಕಾರ ಪ್ಲಾಟಸ್ ಬರೆದ, ಚಿನ್ನದ ಗಡಿಗೆಯನ್ನು ಬಚ್ಚಿಡುವ ಮುದುಕನ ಪ್ರಹಸನದಿಂದ ಎತ್ತಿದ್ದು. ಎತ್ತಿದವನಿಂದ ನಾನು ಎತ್ತಿದೆ. ತಕರಾರು ತೆಗೆಯಲು ಇಬ್ಬರೂ ಬದುಕಿಲ್ಲ.

ಮೋಲಿಯೇರ್ ಕನ್ನಡಕ್ಕೆ ಹೊಸಬನೂ ಅಲ್ಲ. ಅವನ ‘ತಾರ್ತ್ಯೂಫ್’ ಎ. ಎನ್. ಮೂರ್ತಿರಾಯರ ಕೈಯಲ್ಲಿ ‘ಆಷಾಢಭೂತಿ’ ಆಯಿತು. ಆಷಾಢಭೂತಿ ಎಂಬುದು ಪಂಚತಂತ್ರದಲ್ಲಿ ಶಿಷ್ಯನ ವೇಷ ಹಾಕಿ ಬಂದು ದೇವಶರ್ಮನೆಂಬ ಸನ್ಯಾಸಿಯ ಹಣ ಹೊಡೆಯುವವನ ಹೆಸರು. ಆ ಒಂದು ಹೆಸರು ಸಿಕ್ಕಿದಾಗಲೇ ಅರ್ಧ ರೂಪಾಂತರ ಮುಗಿದಿರಬೇಕು ಎಂದು ನನಗೆ ಹೊಟ್ಟೆಕಿಚ್ಚು. ನನಗೆ ಅಂಥ ಹೆಸರು ಸಿಗಲಿಲ್ಲ. ಆದರೆ ಫ್ರೆಂಚ್ ಕಲಿಸುವ ಗೆಳತಿಯೊಬ್ಬರು ಒಂದು ಎಳೆ ಕೊಟ್ಟರು. ಹಾರ್ಪಗಾನ್ ಎಂಬ ಹೆಸರಿನ ಬೇರು ಲ್ಯಾಟಿನ್ನಿನಲ್ಲಿದೆ, ಸಿಕ್ಕಿಸಿ ಎಳೆಯುವ ಕೊಕ್ಕೆ ಎಂಬ ಅರ್ಥದ್ದು. ನಮ್ಮ ನಾಯಕ ಕೃಷ್ಣಪ್ಪ, ಬಾಡಿಗೆದಾರರ ಬಾಯಲ್ಲಿ ಕೊಕ್ಕೆಪ್ಪ. ಮೂಲವನ್ನು ಆ ಗೆಳತಿ ಸಾಲು ಸಾಲಾಗಿ ಓದಿ ಹೇಳಿದರು. ಪಕ್ಕದಲ್ಲಿ ಹತ್ತೊಂಬತ್ತನೆಯ ಶತಮಾನದ ಚಾರ್ಲ್ಸ್ ಹೆರಾನ್ ವಾಲ್ ಅವರ ಇಂಗ್ಲಿಷ್ ಅನುವಾದ ಇಟ್ಟುಕೊಂಡಿದ್ದೆ. ಮೋಲಿಯೇರನ ಮೇಲೆ ಹಕ್ಕುಸ್ವಾಮ್ಯ ಇಲ್ಲವೆಂದು ಯಾವುದೋ ಹೊಸ ಅನುವಾದವನ್ನು ಎದುರಿಗಿಟ್ಟುಕೊಂಡು ಕನ್ನಡಿಸುವವರು ಇದ್ದಾರೆ. ಅನುವಾದಕನಿಗೂ ಹಕ್ಕಿರುತ್ತದೆ ಎಂಬುದು ನೋಟಿಸು ಬಂದಾಗ ನೆನಪಾಗುತ್ತದೆ.

ಕಥೆ ತಿಳಿಯದವರಿಗೆ ಎರಡು ಮಾತು. ಎಂಜಲು ಕೈಯಲ್ಲಿ ಕಾಗೆ ಓಡಿಸದ ಮುದುಕ. ಹೆಂಡತಿ ತೀರಿಹೋಗಿದ್ದಾಳೆ. ಮಗಳನ್ನು ಐವತ್ತರ ಹತ್ತಿರದ ಶ್ರೀಮಂತನಿಗೆ ಕೊಡಬೇಕೆಂದಿದ್ದಾನೆ. ಮಗ ಪ್ರೀತಿಸಿದ ಹುಡುಗಿಯನ್ನು ತಾನೇ ಮದುವೆಯಾಗಲು ಹೊರಟಿದ್ದಾನೆ. ಮಗಳ ಪ್ರಿಯಕರ ಅದೇ ಮನೆಯಲ್ಲಿ ಲೆಕ್ಕ ಬರೆಯುವವನಾಗಿ ಸೇರಿಕೊಂಡು ಯಜಮಾನನಿಗೆ ಬೆಣ್ಣೆ ಹಚ್ಚುತ್ತಿದ್ದಾನೆ. ಮುದುಕ ತೋಟದಲ್ಲಿ ಹೂತಿಟ್ಟ ಹತ್ತು ಸಾವಿರ ಎಕ್ಯೂಗಳ ಪೆಟ್ಟಿಗೆ ಕಳುವಾಗುತ್ತದೆ. ಎಕ್ಯೂ ಎಂದರೆ ಆ ಕಾಲದ ಫ್ರೆಂಚ್ ನಾಣ್ಯ.

ನನ್ನ ಮೊದಲ ಕರಡಿನಲ್ಲಿ ಈ ಪೆಟ್ಟಿಗೆ ಬಿಟ್‌ಕಾಯಿನ್ ಆಗಿತ್ತು. ಒಂದು ಕೋಟಿಯ ಬಿಟ್‌ಕಾಯಿನ್, ಅದರ ಗುಪ್ತಪದ ಒಂದು ಪೆನ್‌ಡ್ರೈವಿನಲ್ಲಿ. ಮಗ ರೀಲ್ಸ್ ಮಾಡುವವನು. ಮದುವೆ ದಲ್ಲಾಳಿಯ ಬದಲು ಒಂದು ಆ್ಯಪ್. ಪುಟಕ್ಕೆ ಮೂರರಂತೆ ಮೊಬೈಲ್ ನಗೆಹನಿಗಳು. ಆಧುನಿಕ ರೂಪಾಂತರ ಎಂದರೆ ಇದೇ ಎಂದು ನಾನು ತಿಳಿದಿದ್ದೆ. ಆ ನಗೆಹನಿಗಳಿಗೆ ಆರು ತಿಂಗಳು ವಯಸ್ಸಾಗಿತ್ತು, ಅಷ್ಟಕ್ಕೇ ಮುಪ್ಪು ಹಿಡಿದಿತ್ತು. ಇನ್ನೂ ದೊಡ್ಡ ತೊಂದರೆ ತಾಲೀಮಿನಲ್ಲಿ ಗೊತ್ತಾಯಿತು. ಹಾರ್ಪಗಾನ್ ತನ್ನ ಹಣವನ್ನು ಗೆಳೆಯನೆಂದು ಕರೆಯುತ್ತಾನೆ, ಅದಿಲ್ಲದೆ ತನಗೆ ಬದುಕಿಲ್ಲ ಎನ್ನುತ್ತಾನೆ. ಗುಪ್ತಪದವನ್ನು ಎದೆಗೆ ಅವುಚಿಕೊಳ್ಳಲು ಬರುವುದಿಲ್ಲ. ಕ್ಯಾಷಿಯರ್ ಸಾಹೇಬರು ಪೆನ್‌ಡ್ರೈವನ್ನು ಕೈಯಲ್ಲಿ ಹಿಡಿದರೆ ಪೆನ್ಸಿಲ್ ರಬ್ಬರ್ ಹಿಡಿದ ಹಾಗೆ ಕಾಣುತ್ತಿತ್ತು.

ಹಾಗೆ ಚಿನ್ನಕ್ಕೆ ಬಂದೆವು. ನೂರು ಗ್ರಾಮಿನ ಬಿಸ್ಕತ್ತು, ಇಪ್ಪತ್ತು. ಎರಡು ಕಿಲೋ. ಚಿನ್ನದ ಗುಣವೇನೆಂದರೆ ಅದರ ಬೆಲೆಯನ್ನು ನಾಟಕದಲ್ಲಿ ಬರೆಯಬೇಕಾಗಿಲ್ಲ. ಕೆಲಸದ ಹುಡುಗ ಡಬ್ಬಿ ಕದ್ದು ತಂದಾಗ ಮಗ “ಇವತ್ತಿನ ದರ ಎಷ್ಟು?” ಎಂದು ಕೇಳುತ್ತಾನೆ. ಹುಡುಗ ಜೇಬಿನಿಂದ ಅಂದಿನ ದಿನಪತ್ರಿಕೆ ತೆಗೆದು ನಿಜವಾಗಿ ಅಂದಿನ ದರವನ್ನು ಓದುತ್ತಾನೆ, ಇಬ್ಬರೂ ಬೆರಳು ಮಡಿಸಿ ಎರಡು ಕಿಲೋಗೆ ಲೆಕ್ಕ ಹಾಕುತ್ತಾರೆ. ಪ್ರತಿ ಪ್ರದರ್ಶನದ ಬೆಳಿಗ್ಗೆ ನನ್ನ ಮೊದಲ ಕೆಲಸ ಪತ್ರಿಕೆ ಕೊಳ್ಳುವುದು. ಸಭಾಂಗಣದಲ್ಲಿ ಆ ಸಾಲಿಗೆ ಬಂದಷ್ಟು ಗಾಢವಾದ ಮೌನ ಮತ್ತಾವ ಸಾಲಿಗೂ ಬರಲಿಲ್ಲ. ಪ್ರೇಕ್ಷಕರೂ ಬೆರಳು ಮಡಿಸುತ್ತಿದ್ದರು.

ಆಗ ಇನ್ನೊಂದು ವಿಚಾರ ಹೊಳೆಯಿತು. ಎರಡು ಕಿಲೋ ಚಿನ್ನಕ್ಕೆ ಪೆಟ್ಟಿಗೆ ಬೇಕಾಗಿಯೇ ಇಲ್ಲ, ಅದು ಒಂದು ಕಾಫಿ ಲೋಟದಷ್ಟೂ ಜಾಗ ಹಿಡಿಯುವುದಿಲ್ಲ. ಮಕ್ಕಳು ಶಾಲೆಗೆ ಒಯ್ಯುವ ಸ್ಟೀಲಿನ ಊಟದ ಡಬ್ಬಿ ಧಾರಾಳವಾಗಿ ಸಾಕು. ಬಿಸ್ಕತ್ತುಗಳನ್ನು ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಪಟ್ಟಿಯಿಂದ ಕತ್ತರಿಸಿ, ಅರ ಹಿಡಿಸಿ, ಚಿನ್ನದ ಬಣ್ಣ ಹೊಡೆಸಿದೆ. ಅದೇ ತೂಕಕ್ಕೆ ಕಬ್ಬಿಣ ಚಿನ್ನದ ಸುಮಾರು ಎರಡೂವರೆ ಪಟ್ಟು ಗಾತ್ರ ಹಿಡಿಯುತ್ತದೆ, ಅದಕ್ಕೆ ಡಬ್ಬಿ ಸ್ವಲ್ಪ ದೊಡ್ಡದು ಬೇಕಾಯಿತು. ಥರ್ಮಾಕೋಲಿನಲ್ಲಿ ಮಾಡಿದ್ದರೆ ನೂರು ರೂಪಾಯಿಯೂ ಆಗುತ್ತಿರಲಿಲ್ಲ. ಆದರೆ ಡಬ್ಬಿಯನ್ನು ಕೈಗಿಟ್ಟ ಕೂಡಲೇ ಕ್ಯಾಷಿಯರ್ ಸಾಹೇಬರ ಮಣಿಕಟ್ಟು ಒಂದು ಅಂಗುಲ ಕೆಳಗಿಳಿಯಿತು, ಮುಖ ಅರಳಿತು. ಆ ಒಂದು ಅಂಗುಲವನ್ನು ಯಾವ ನಟನೂ ನಟಿಸಲಾರ.

ಬಚ್ಚಿಡುವುದು ಎಲ್ಲಿ? ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಅಗೆಯುವಷ್ಟು ಮಣ್ಣೇ ಉಳಿದಿಲ್ಲ. ಅಂಗಳವೆಂದರೆ ಸಿಮೆಂಟು, ಅದರ ನಡುವೆ ಸಂಪಿನ ಕಬ್ಬಿಣದ ಮುಚ್ಚಳ. ಮಗಳ ಪಾತ್ರ ಮಾಡುತ್ತಿದ್ದ ಹುಡುಗಿ, ತಾನೂ ಬಾಡಿಗೆ ಮನೆಯಲ್ಲಿರುವವಳು, “ಸಂಪಿನಲ್ಲಿ ಇಟ್ಟಿರಲಿ, ಅದಕ್ಕೇ ನಮಗೆ ನೀರು ಬಿಡುವುದಿಲ್ಲ” ಎಂದಳು. ನಾಟಕ ಅಲ್ಲಿಂದ ಕಣ್ಣು ತೆರೆಯಿತು. ಡಬ್ಬಿ ಇರುವ ಕಾರಣ ಕೊಕ್ಕೆಪ್ಪ ಸಂಪು ತುಂಬಿಸುವುದಿಲ್ಲ. ನೀರಿಲ್ಲ ಎಂದು ಬಾಡಿಗೆದಾರರಿಗೆ ಸುಳ್ಳು ಹೇಳುತ್ತಾನೆ. ಅವರು ಟ್ಯಾಂಕರ್ ತರಿಸಿದರೆ ಅದರಲ್ಲೂ ಕಮಿಷನ್ ಹೊಡೆಯುತ್ತಾನೆ. ಟ್ಯಾಂಕರಿನ ಹಾರ್ನ್ ಕೇಳಿದಾಗಲೆಲ್ಲ ಎದೆಗೆ ಕೈ ಒತ್ತಿಕೊಂಡು ಅಂಗಳಕ್ಕೆ ಓಡುತ್ತಾನೆ. ಮೋಲಿಯೇರನಲ್ಲಿ ತೋಟದಿಂದ ನಾಯಿ ಬೊಗಳಿದ್ದು ಕೇಳಿದೊಡನೆ ಮುದುಕ ಕಿವಿ ನೆಟ್ಟಗಾಗಿಸುತ್ತಾನಲ್ಲ, ಆ ಜಾಗಕ್ಕೆ ಟ್ಯಾಂಕರ್ ಬಂದು ನಿಂತಿತು. ನಾನು ಬರೆದ ಮೊಬೈಲ್ ನಗೆಹನಿಗಳನ್ನು ಒಂದೊಂದಾಗಿ ಹೊಡೆದು ಹಾಕಿದೆ. ಎರಡು ಉಳಿದವು.

ಇನ್ನು ಸಾಲದ ದೃಶ್ಯ. ನನ್ನ ಮಟ್ಟಿಗೆ ಇಡೀ ನಾಟಕದ ಬೆನ್ನೆಲುಬು ಇದು. ತಂದೆ ಕಾಸು ಬಿಚ್ಚದ ಕಾರಣ ಮಗ ದಲ್ಲಾಳಿಯ ಮೂಲಕ ಗುಟ್ಟಾಗಿ ಸಾಲಕ್ಕೆ ಕೈಯೊಡ್ಡುತ್ತಾನೆ. ಸಾಲ ಕೊಡುವವನು ಹೆಸರು ಹೇಳಲೊಲ್ಲ. ಮೂಲದಲ್ಲಿ ಷರತ್ತುಗಳ ಪಟ್ಟಿ ಹೀಗಿದೆ. ಬಡ್ಡಿ ಹದಿನೆಂಟಕ್ಕೆ ಒಂದು, ಅಂದರೆ ವರ್ಷಕ್ಕೆ ನೂರಕ್ಕೆ ಐದೂವರೆ. ಎಷ್ಟು ಧರ್ಮಾತ್ಮ! ಆದರೆ ಅವನ ಕೈಯಲ್ಲಿ ಹಣವಿಲ್ಲ, ಬೇರೊಬ್ಬರಿಂದ ಐದಕ್ಕೆ ಒಂದರಂತೆ ತರಬೇಕು, ಅಂದರೆ ನೂರಕ್ಕೆ ಇಪ್ಪತ್ತು, ಅದನ್ನೂ ಸಾಲಗಾರನೇ ಹೊರಬೇಕು. ಒಟ್ಟು ಇಪ್ಪತ್ತೈದು ದಾಟುತ್ತದೆ. ಮಗ ಅಲ್ಲಿ ಬೆಚ್ಚಿಬಿದ್ದು ಕೂಗಾಡುತ್ತಾನೆ. ನಮ್ಮ ತಾಲೀಮಿನಲ್ಲಿ ಇದನ್ನು ಓದಿದಾಗ ಬೆಳಕಿನ ಹುಡುಗ ಏಣಿಯ ಮೇಲಿಂದ, “ವರ್ಷಕ್ಕೆ ಇಪ್ಪತ್ತೈದೇ ತಾನೇ? ವಿಳಾಸ ಕೊಡಿ ಸರ್” ಎಂದ.

ಅವನು ಹೇಳಿದ್ದು ಸರಿ. ಲೂಯಿ ಹದಿನಾಲ್ಕನೆಯವನ ಪ್ಯಾರಿಸ್ಸನ್ನು ಬೆಚ್ಚಿಬೀಳಿಸಿದ ದರ ನಮ್ಮ ಮಾರುಕಟ್ಟೆಯಲ್ಲಿ ಅಗ್ಗ. ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಎಂದರೆ ವರ್ಷಕ್ಕೆ ಅರವತ್ತು. ಬೆಳಿಗ್ಗೆ ತರಕಾರಿ ಗಾಡಿಯವರಿಗೆ 900 ಕೊಟ್ಟು ಸಂಜೆ 1,000 ಎಣಿಸಿಕೊಳ್ಳುವವರಿದ್ದಾರೆ. ಮೀಟರ್ ಬಡ್ಡಿ ಎಂಬ ಮಾತನ್ನು ಯಾರಿಗೂ ವಿವರಿಸಬೇಕಾಗಿಲ್ಲ. ವಿಪರೀತ ಬಡ್ಡಿಯನ್ನು ನಿಷೇಧಿಸಿ ಕರ್ನಾಟಕದಲ್ಲಿ 2004ರಲ್ಲಿ ಕಾಯ್ದೆಯೇ ಬಂದಿದೆ, ಬಡ್ಡಿಯೂ ಇದೆ. ಮೂಲದ ಅಂಕಿಗಳನ್ನು ಹಾಗೇ ಇಟ್ಟಿದ್ದರೆ ಕೊಕ್ಕೆಪ್ಪ ಜಿಪುಣನಾಗಿ ಕಾಣುವ ಬದಲು ಪರೋಪಕಾರಿಯಾಗಿ ಕಾಣುತ್ತಿದ್ದ.

ಕ್ಯಾಷಿಯರ್ ಸಾಹೇಬರೇ ಕಾಗದ ತೆಗೆದುಕೊಂಡು ಹೊಸ ಲೆಕ್ಕ ಬರೆದರು. ಮಗನಿಗೆ ಬೇಕಾದದ್ದು ಹದಿನೈದು ಲಕ್ಷ. ನಗದು ಹನ್ನೆರಡು ಲಕ್ಷ, ಉಳಿದ ಮೂರು ಲಕ್ಷಕ್ಕೆ ಸಾಮಾನು. (ಈ ಹದಿನೈದು, ಹನ್ನೆರಡು, ಮೂರು ಮೋಲಿಯೇರನವೇ, ಸಾವಿರದ ಜಾಗದಲ್ಲಿ ಲಕ್ಷ ಬಂದಿದೆ.) ತಿಂಗಳಿಗೆ ನೂರಕ್ಕೆ ಐದು ಬಡ್ಡಿ, ಅದೂ ಪೂರ್ತಿ ಹದಿನೈದರ ಮೇಲೆ. ಮೊದಲ ತಿಂಗಳ 75,000 ಮುಂಗಡವಾಗಿ ಮುರಿದುಕೊಂಡು ಕೈಗೆ ಬರುವುದು 11,25,000. ಸಹಿ ಹಾಕುವುದು ಹದಿನೈದು ಲಕ್ಷಕ್ಕೆ. ಈ ಸಾಲುಗಳನ್ನು ದಲ್ಲಾಳಿ ಓದುತ್ತಿದ್ದಾಗ ಪ್ರೇಕ್ಷಕರಲ್ಲಿ ಕೆಲವರು ನಕ್ಕರು, ಕೆಲವರು ನಾಲಿಗೆ ಲೊಚಗುಟ್ಟಿದರು. ಲೊಚಗುಟ್ಟಿದವರು ಸಾಲ ಮಾಡಿದವರು.

ಸಾಮಾನಿನ ಪಟ್ಟಿ ಮೂಲದಲ್ಲಿ ರತ್ನದಂತಿದೆ. ಮಂಚ, ಪರದೆಗಳು, ಬಂದೂಕುಗಳು, ಭಟ್ಟಿ ಇಳಿಸುವ ಆಸೆಯಿರುವವರಿಗೆ ಇಟ್ಟಿಗೆಯ ಒಲೆ, ಎಲ್ಲ ತಂತಿಗಳೂ ಇರುವ ಅಥವಾ ಹೆಚ್ಚುಕಡಿಮೆ ಇರುವ ಲ್ಯೂಟ್ ವಾದ್ಯ, ಹೊತ್ತು ಹೋಗದವರಿಗೆ ಪಗಡೆಯಂಥ ಆಟದ ಹಲಗೆ. ಕೊನೆಗೆ ಹುಲ್ಲು ತುಂಬಿದ ಮೂರೂವರೆ ಅಡಿ ಉದ್ದದ ಹಲ್ಲಿಯ ಚರ್ಮ, ಕೋಣೆಯ ಚಾವಣಿಗೆ ತೂಗುಹಾಕಿದರೆ ಬಲು ಚೆಂದ. ನಮ್ಮಲ್ಲಿ ಸೀಟಿಲ್ಲದ ವ್ಯಾಯಾಮದ ಸೈಕಲ್ಲು, ಜಾರಿಲ್ಲದ ಮಿಕ್ಸಿ, ಹದಿನೇಳು ಕಾಯಿಗಳ ಕೇರಂ ಬೋರ್ಡು, ತಂತಿಗಳು “ಬಹುಮಟ್ಟಿಗೆ” ಇರುವ ವೀಣೆ. ಹಲ್ಲಿಯನ್ನು ಏನು ಮಾಡುವುದು? ಮೂರೂವರೆ ಅಡಿಯ ಹಲ್ಲಿ ನಮ್ಮಲ್ಲಿ ಇದ್ದೇ ಇದೆ. ಉಡ! 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ. ಅದರ ಚರ್ಮ ಮನೆಯಲ್ಲಿ ಸಿಕ್ಕರೆ ಜೈಲು. ಸಾಲ ಕೊಡುವವನು ಮಾರಲಾಗದ, ಎಸೆಯಲೂ ಆಗದ ಪೀಡೆಯನ್ನು ನಲವತ್ತು ಸಾವಿರ ಬೆಲೆ ಕಟ್ಟಿ ಸಾಲಗಾರನ ಕೊರಳಿಗೆ ಕಟ್ಟುತ್ತಾನೆ. ಉಡದ ಪಟ್ಟು ಎಂಬ ಮಾತು ಬೇರೆ ನಮ್ಮ ಭಾಷೆಯಲ್ಲಿದೆ. ನಾಟಕದ ಹೆಸರು ಅಲ್ಲಿಗೆ ತೀರ್ಮಾನವಾಯಿತು: ‘ಉಡದ ಪಟ್ಟು’.

ಉಡವನ್ನು ಮನೆಯಲ್ಲೇ ಮಾಡಿದೆವು. ಹಳೆಯ ಕಾರಿನ ಸೀಟಿನ ಕಂದು ರೆಕ್ಸಿನ್, ಒಳಗೆ ತೆಂಗಿನ ನಾರು, ಕಣ್ಣಿಗೆ ಕೋಟಿನ ಎರಡು ಗುಂಡಿ, ಬಾಲಕ್ಕೆ ತಂತಿ. ಎಷ್ಟು ಚೆನ್ನಾಗಿ ಬಂತೆಂದರೆ ಅದನ್ನು ಕಂಡ ಒಬ್ಬ ಆಟೋದವರು ಬಾಡಿಗೆ ಒಲ್ಲೆ ಎಂದು ಹೊರಟೇಹೋದರು. ಹೊಟ್ಟೆಯ ಹೊಲಿಗೆ ಮಾತ್ರ ಪದೇ ಪದೇ ಬಿಚ್ಚಿಕೊಳ್ಳುತ್ತಿತ್ತು.

ದೃಶ್ಯದ ಕೊನೆಯಲ್ಲಿ ದಲ್ಲಾಳಿ ಸಾಲಗಾರನನ್ನೂ ಸಾಹುಕಾರನನ್ನೂ ಮುಖಾಮುಖಿ ಮಾಡಿಸುತ್ತಾನೆ. ತಂದೆ, ಮಗ. ಇದನ್ನು ನಾವು ಮೊದಲು ಅರಚಾಟದಲ್ಲಿ ಮಾಡಿದೆವು, ನಗು ಬಂತು. ಆಮೇಲೊಂದು ದಿನ ಮಗನ ಪಾತ್ರಧಾರಿಗೆ ಗಂಟಲು ಕಟ್ಟಿತ್ತು. ಅವನು ಮೆಲ್ಲಗೆ, “ಅಪ್ಪಾ, ಐದು ಪರ್ಸೆಂಟ್ ನೀವೇನಾ?” ಎಂದ. ತಂದೆ ಅಷ್ಟೇ ಮೆಲ್ಲಗೆ, “ಹದಿನೈದು ಲಕ್ಷ ನೀನೇನಾ?” ಎಂದರು. ನಕ್ಕವರ ನಗು ಅರ್ಧಕ್ಕೆ ನಿಂತಿತು. ಹಾಗೇ ಉಳಿಸಿಕೊಂಡೆವು.

ಮಗಳ ಮದುವೆಯ ಮಾತು ಬಂದಾಗ ಹಾರ್ಪಗಾನ್ ಎಲ್ಲ ಆಕ್ಷೇಪಣೆಗೂ ಒಂದೇ ಉತ್ತರ ಕೊಡುತ್ತಾನೆ: “ಸಾನ್ ದೋ!” ವರದಕ್ಷಿಣೆ ಇಲ್ಲದೆ! ಹುಡುಗಿಗೆ ಇಷ್ಟವಿಲ್ಲ ಎಂದರೆ, ವರದಕ್ಷಿಣೆ ಇಲ್ಲದೆ. ವಯಸ್ಸಿನ ಅಂತರ ಎಂದರೆ, ವರದಕ್ಷಿಣೆ ಇಲ್ಲದೆ. ಅನುವಾದಕನಿಗೆ ಇಷ್ಟು ಸಲೀಸಾದ ಮಾತು ಮೂರೂವರೆ ಶತಮಾನದ ಫ್ರೆಂಚ್ ನಾಟಕದಲ್ಲಿ ಸಿಗುತ್ತದೆ ಎಂದುಕೊಂಡಿರಲಿಲ್ಲ. ಒಂದಕ್ಷರ ಬದಲಿಸದೆ ಇಟ್ಟೆ. ಆದರೆ ಸಲೀಸಾಗಿ ಬಂದದ್ದು ಸಲೀಸಾಗಿ ನಗಿಸಲಿಲ್ಲ. ಫ್ರೆಂಚ್ ಪ್ರೇಕ್ಷಕ ಜಿಪುಣನ ದುರಾಸೆಗೆ ನಗುತ್ತಾನೆ. 1961ರಿಂದ ವರದಕ್ಷಿಣೆ ನಿಷೇಧ ಕಾಯ್ದೆ ಇದ್ದೂ ನಮ್ಮ ಸಭಾಂಗಣದಲ್ಲಿ ಅದನ್ನು ಕೊಟ್ಟವರು, ತೆಗೆದುಕೊಂಡವರು, ಅದಕ್ಕಾಗಿ ಹೊಲ ಮಾರಿದವರು ಅಕ್ಕಪಕ್ಕದಲ್ಲೇ ಕುಳಿತಿರುತ್ತಾರೆ. ಮೊದಲ ಸಲ ಕೊಕ್ಕೆಪ್ಪ ಹಾಗೆಂದಾಗ ಗಂಡಸರು ನಕ್ಕರು. ಮೂರನೆಯ ಸಲಕ್ಕೆ ಹೆಂಗಸರು ಮಾತ್ರ ನಕ್ಕರು. ಆ ನಗುವಿನ ದನಿ ಬೇರೆಯಾಗಿತ್ತು, ಗಂಡಸರು ಸುಮ್ಮನಾಗಿದ್ದರು. ನಾನು ವೇದಿಕೆಯ ಪಕ್ಕದ ವಿಂಗಿನಲ್ಲಿ ನಿಂತು ಕೇಳುತ್ತಿದ್ದೆ. ಅದನ್ನು ನಾನು ಬರೆದಿರಲಿಲ್ಲ, ನಿರ್ದೇಶಿಸಿಯೂ ಇರಲಿಲ್ಲ.

ಮದುವೆ ದಲ್ಲಾಳಿ ಹೆಂಗಸಿನ ಲೆಕ್ಕವೂ ಹಾಗೇ ಕೂತಿತು. ಬಡ ಹುಡುಗಿಯನ್ನು ಮುದುಕನಿಗೆ ಒಪ್ಪಿಸಲು ಅವಳು, ಹುಡುಗಿ ತಿನ್ನುವುದಿಲ್ಲ, ಉಡುವುದಿಲ್ಲ, ಜೂಜಾಡುವುದಿಲ್ಲ, ಹೀಗೆ ಮಾಡದ ಖರ್ಚನ್ನೆಲ್ಲ ಕೂಡಿಸಿ ವರ್ಷಕ್ಕೆ ಹನ್ನೆರಡು ಸಾವಿರ ಆದಾಯ ಎಂದು ತೋರಿಸುತ್ತಾಳೆ. ಅದೇ ಮೂರು, ನಾಲ್ಕು, ಐದು ಸಾವಿರಗಳನ್ನು ತಿಂಗಳ ಲೆಕ್ಕಕ್ಕೆ ತಂದು ಪಾರ್ಲರು, ಹೋಟೆಲಿನಿಂದ ತರಿಸುವ ಊಟ, ಬಟ್ಟೆ ಎಂದು ಬದಲಿಸಿದೆ. “ವರ್ಷಕ್ಕೆ 1,44,000 ಉಳಿತಾಯ, ರಾಯರೇ!” ಕೊಕ್ಕೆಪ್ಪ ಎಲ್ಲ ಕೇಳಿ, “ಲೆಕ್ಕ ಚೊಕ್ಕವಾಗಿದೆ. ಕೈಗೆ ಎಷ್ಟು ಬರುತ್ತದೆ?” ಎನ್ನುತ್ತಾನೆ. ಅಡುಗೆಯವನೂ ಡ್ರೈವರನೂ ಒಬ್ಬನೇ ಆಗಿರುವ ಆಳಿನ ದೃಶ್ಯವನ್ನು ನಾನು ಮುಟ್ಟಲೇ ಇಲ್ಲ. “ಇದನ್ನು ಡ್ರೈವರಿಗೆ ಹೇಳಿದಿರೋ, ಅಡುಗೆಯವನಿಗೆ ಹೇಳಿದಿರೋ?” ಎಂದು ಟೋಪಿ ತೆಗೆದು ಹೆಗಲಿಗೆ ಚೌಕ ಹಾಕಿಕೊಳ್ಳುವುದು ಎಲ್ಲಿಯೂ ಯಾವಾಗಲೂ ನಗಿಸುತ್ತದೆ.

ಮೋಲಿಯೇರನಿಗೆ ಎದೆಯ ಕಾಯಿಲೆ ಇತ್ತು, ಕೆಮ್ಮು ಬಿಡುತ್ತಿರಲಿಲ್ಲ. ಅದನ್ನು ಮುಚ್ಚಿಡಲಾರದೆ ಪಾತ್ರದೊಳಕ್ಕೇ ಹಾಕಿಕೊಂಡ. ಹಾರ್ಪಗಾನ್ ಕೆಮ್ಮುತ್ತಾನೆ, ದಲ್ಲಾಳಿ ಹೆಂಗಸು “ನಿಮಗೆ ಕೆಮ್ಮು ಕೂಡ ಒಪ್ಪುತ್ತದೆ” ಎನ್ನುತ್ತಾಳೆ. ಸುಮಾರು ನಾಲ್ಕೂವರೆ ವರ್ಷ ಕಳೆದು, 1673ರ ಫೆಬ್ರುವರಿ 17ರಂದು, ತನ್ನ ಇನ್ನೊಂದು ನಾಟಕದ ರೋಗಭ್ರಮೆಯವನ ಪಾತ್ರದಲ್ಲಿ ನಾಲ್ಕನೆಯ ಪ್ರದರ್ಶನ ಮುಗಿಸಿದ ಕೆಲವೇ ಗಂಟೆಗಳಲ್ಲಿ ಅವನು ತೀರಿಕೊಂಡ. ಇದನ್ನು ಹೇಳಿದ ಮೇಲೆ ಕ್ಯಾಷಿಯರ್ ಸಾಹೇಬರು ತಾಲೀಮಿನಲ್ಲಿ ಕೆಮ್ಮಲು ಒಪ್ಪಲಿಲ್ಲ. ಕೆಟ್ಟ ಶಕುನವಂತೆ. ಎರಡನೆಯ ಪ್ರದರ್ಶನದ ದಿನ ನಿಜವಾಗಿಯೇ ನೆಗಡಿಯಾಗಿ ಕೆಮ್ಮು ಬಂತು. ದಲ್ಲಾಳಿ ಆ ಸಾಲು ಹೇಳಿದಳು, ಸಭೆ ಚಪ್ಪಾಳೆ ತಟ್ಟಿತು. ಅಲ್ಲಿಂದ ಮುಂದೆ ಪ್ರತಿ ಸಲವೂ ಕೆಮ್ಮಿದರು. ನನ್ನ ಅಂಗಡಿಯಿಂದ ಲೇಹ್ಯವನ್ನೂ ಪುಕ್ಕಟೆ ಒಯ್ದರು.

ನಾಲ್ಕನೆಯ ಅಂಕದ ಕೊನೆಯ ಸ್ವಗತ ಈ ನಾಟಕವನ್ನು ಎತ್ತುತ್ತದೆ ಅಥವಾ ಮುಳುಗಿಸುತ್ತದೆ. ಡಬ್ಬಿ ಹೋಗಿದೆ. ಮುದುಕ ಕಳ್ಳನನ್ನು ಹಿಡಿಯುತ್ತೇನೆಂದು ತನ್ನ ತೋಳನ್ನೇ ಹಿಡಿದುಕೊಂಡು, “ಅಯ್ಯೋ, ಇದು ನಾನು!” ಎನ್ನುತ್ತಾನೆ. ಆಮೇಲೆ ಪ್ರೇಕ್ಷಕರ ಕಡೆ ತಿರುಗಿ, ನಿಮ್ಮೊಳಗೆ ಅಡಗಿದ್ದಾನೆಯೇ ಎಂದು ಕೇಳುತ್ತಾನೆ. ಮೂಲದಲ್ಲಿ ಮುಂದಿನ ಮಾತು: ಎಲ್ಲರೂ ನನ್ನನ್ನು ನೋಡಿ ನಗುತ್ತಿದ್ದಾರೆ. ಅಂದರೆ ಪ್ರೇಕ್ಷಕರ ನಗುವನ್ನು ಮೋಲಿಯೇರ್ ಸಂಭಾಷಣೆಯಲ್ಲೇ ಲೆಕ್ಕಕ್ಕೆ ಹಿಡಿದಿದ್ದಾನೆ. ನಗು ಬರದಿದ್ದರೆ ನಟನ ಗತಿಯೇನು? ಮೊದಲ ಪ್ರದರ್ಶನದಲ್ಲಿ ಸಾಹೇಬರು ಕೂಗಿಕೊಂಡೇ ಬಂದರು. ನಾನೂ ಹಾಗೇ ಹೇಳಿಕೊಟ್ಟಿದ್ದೆ. ಸಭೆ ಕಲ್ಲಿನಂತೆ ಕುಳಿತಿತ್ತು. ಅವರು ಆ ಸಾಲಿಗೆ ಬಂದು ನಿಂತರು. ಮೂರು ಕ್ಷಣ ಕತ್ತಲನ್ನೇ ದಿಟ್ಟಿಸಿದರು. ಆಮೇಲೆ ಕೌಂಟರಿನಲ್ಲಿ ಗಿರಾಕಿಗೆ ಹೇಳುವ ದನಿಯಲ್ಲಿ, “ನೀವು ಯಾರೂ ನಗುತ್ತಿಲ್ಲ. ಅಂದರೆ ನಿಮಗೆಲ್ಲ ಗೊತ್ತಿದೆ” ಎಂದರು. ಸಭೆ ಬಿದ್ದು ಬಿದ್ದು ನಕ್ಕಿತು. ನಂತರ ಹಾಸನದ ಕಡೆಯ ಒಂದು ಊರಿನಲ್ಲಿ ಆಡಿದಾಗ ಮುಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು, “ನಾವು ತೆಗೆದಿಲ್ಲ ತಾತ” ಎಂದ. “ಹಾಗಾದರೆ ನಿನ್ನ ಜೇಬು ಯಾಕೆ ಉಬ್ಬಿದೆ?” ಎಂದು ಸಾಹೇಬರು ವೇದಿಕೆಯ ಅಂಚಿಗೆ ಬಂದು ಕುಕ್ಕುರುಗಾಲಿನಲ್ಲಿ ಕುಳಿತರು. ಹುಡುಗ ಜೇಬಿನಿಂದ ಕಡಲೆಕಾಯಿ ತೆಗೆದು ತೋರಿಸಿದ. ಸಾಹೇಬರು ಎರಡು ಎತ್ತಿಕೊಂಡು ಬಾಯಿಗೆ ಹಾಕಿಕೊಂಡು ಮತ್ತೆ ಅಳಲು ಶುರುಮಾಡಿದರು.

ಐದನೆಯ ಅಂಕ ಎಲ್ಲ ರೂಪಾಂತರಕಾರರಿಗೂ ತಲೆನೋವು. ಮಗಳ ವರನಾಗಿ ಬಂದ ಶ್ರೀಮಂತನೇ ಲೆಕ್ಕ ಬರೆಯುವವನಿಗೂ ಬಡ ಹುಡುಗಿಗೂ ಹಡಗು ಮುಳುಗಿದಾಗ ಕಳೆದುಹೋದ ತಂದೆ! ಇದನ್ನು ನಂಬಿಸಲು ಹೋದರೆ ಕೆಟ್ಟಿರಿ. ನಾವು ಆ ಹತ್ತು ನಿಮಿಷವನ್ನು ಕಂಪನಿ ನಾಟಕವನ್ನಾಗಿಯೇ ಮಾಡಿದೆವು. ಸಮುದ್ರ ಬರೆದ ಪರದೆ ಇಳಿಯಿತು, ಹಾರ್ಮೋನಿಯಂ ನುಡಿಯಿತು, ತಂದೆ “ಹಾ ಕಂದಾ!” ಎಂದು ಕಂದಪದ್ಯ ಹಾಡಿದ. ಒಂದು ಊರಿನಲ್ಲಿ ಒನ್ಸ್ ಮೋರ್ ಬಿತ್ತು, ಮತ್ತೊಮ್ಮೆ ತಂದೆ ಸಿಕ್ಕಿದ.

ಇಷ್ಟೆಲ್ಲದರ ನಡುವೆ ನನಗೆ ಬಹಳ ಹೆಮ್ಮೆಯಿದ್ದ ಒಂದು ಉಪಾಯವನ್ನು ಕೈಬಿಟ್ಟ ಕಥೆ ಹೇಳಬೇಕು. ಚಿನ್ನದ ಬದಲು ಡಬ್ಬಿಯಲ್ಲಿ 2016ರ ನವೆಂಬರ್ 8ರಂದು ರದ್ದಾದ ಐನೂರು, ಸಾವಿರದ ನೋಟುಗಳಿದ್ದರೆ? ಬ್ಯಾಂಕಿಗೆ ಕಟ್ಟಿದರೆ ಲೆಕ್ಕ ಕೊಡಬೇಕೆಂದು ಹೆದರಿ ಇಟ್ಟುಕೊಂಡ ನೋಟುಗಳು. ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದೇ 2017ರ ಕಾಯ್ದೆಯ ಪ್ರಕಾರ ಅಪರಾಧ. ಕಳುವಿನ ತನಿಖೆಗೆ ಬಂದ ಪೊಲೀಸರು “ಏನಿತ್ತು ಡಬ್ಬಿಯಲ್ಲಿ?” ಎಂದರೆ ಮುದುಕ ಬಾಯಿ ಬಿಡುವಂತಿಲ್ಲ. ಕೊನೆಗೆ ಡಬ್ಬಿ ತೆರೆದಾಗ ಸಭೆಗೆ ಗೊತ್ತಾಗುತ್ತದೆ, ಅದೆಲ್ಲ ರದ್ದಿ. ತಂಡದಲ್ಲಿ ಅರ್ಧ ಜನ ಶಿಳ್ಳೆ ಹಾಕಿದರು. ಮೂರು ದಿನ ಹಾಗೆ ತಾಲೀಮು ಮಾಡಿದೆವು. ನಾಲ್ಕನೆಯ ದಿನ ಸಾಹೇಬರು ಬೇಡವೆಂದರು. “ರದ್ದಿ ಕಾಗದವನ್ನು ಕಾಯುವವನು ಪಾಪದ ಮುದುಕ ಆಗಿಬಿಡುತ್ತಾನೆ. ಇವನ ಹತ್ತಿರ ನಡೆಯುವ ಹಣ ಇದೆ. ಇದ್ದೂ ಮಗನಿಗೆ ಐದು ಪರ್ಸೆಂಟಿಗೆ ಸಾಲ ಕೊಡುತ್ತಾನೆ. ಅದು ತಾನೇ ನಾಟಕ?” ವಾದಿಸಲು ಏನೂ ಉಳಿದಿರಲಿಲ್ಲ. ಆ ದೃಶ್ಯ ಈಗಲೂ ನನ್ನ ಟಿಪ್ಪಣಿ ಪುಸ್ತಕದಲ್ಲಿದೆ. ಓದಿದರೆ ಚೆನ್ನಾಗಿಯೇ ಇದೆ, ಅದೇ ಬೇಸರ.

ಕೊನೆಯ ದೃಶ್ಯದ ಬಗ್ಗೆಯೂ ಜಗಳವಾಯಿತು. ಹಾರ್ಪಗಾನ್ ಬದಲಾಗುವುದಿಲ್ಲ. ಎಲ್ಲರೂ ಸಂತೋಷವಾಗಿ ಹೊರಟರೆ ಅವನು, ನಾನು ನನ್ನ ಪ್ರೀತಿಯ ಪೆಟ್ಟಿಗೆಯನ್ನು ನೋಡಲು ಹೋಗುತ್ತೇನೆ ಎನ್ನುತ್ತಾನೆ. ನಾಟಕ ಮುಗಿಯಿತು. ನಮ್ಮ ಜನ ಬೆಳೆದದ್ದು ಬೇರೆ ಕಥೆಯ ಮೇಲೆ. ಶ್ರೀನಿವಾಸ ನಾಯಕ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ ಮೂಗುತಿ ಮಾಯವಾಗುತ್ತದೆ, ಜಿಪುಣ ನವಕೋಟಿ ನಾರಾಯಣ ಎಲ್ಲವನ್ನೂ ದಾನ ಮಾಡಿ ಪುರಂದರದಾಸನಾಗಿ ಹೊರಡುತ್ತಾನೆ. ಪೆಟ್ಟಿಗೆ ಖಾಲಿಯಾದರೆ ಜ್ಞಾನ ಬರಬೇಕು. ಹಾಸನದ ಕಡೆಯ ಪ್ರದರ್ಶನದ ನಂತರ ಹಿರಿಯರೊಬ್ಬರು ನನ್ನ ಕೈ ಹಿಡಿದುಕೊಂಡು, “ಎಲ್ಲ ಚೆನ್ನಾಗಿತ್ತು ಸ್ವಾಮಿ, ಕೊನೆಗೆ ಅವನಿಗೆ ಬುದ್ಧಿ ಬರಿಸಬೇಕಿತ್ತು” ಎಂದು ನೊಂದುಕೊಂಡರು. ಬರಿಸಲಿಲ್ಲ. ಎಲ್ಲರೂ ಹೋದ ಮೇಲೆ ಕೊಕ್ಕೆಪ್ಪ ಎರಡು ದೀಪಗಳಲ್ಲಿ ಒಂದನ್ನು ಆರಿಸಿ (ಫ್ರೆಂಚ್ ರಂಗದ ಹಳೆಯ ರೂಢಿಯಲ್ಲಿ ಹಾರ್ಪಗಾನ್ ಹೀಗೆ ಮೇಣದಬತ್ತಿ ಊದುತ್ತಾನೆ), ಸಂಪಿನ ಮುಚ್ಚಳದ ಮೇಲೆ ಕುಳಿತು, ಬಿಸ್ಕತ್ತುಗಳನ್ನು ಒಂದೊಂದಾಗಿ ಎಣಿಸುತ್ತಾನೆ. ಇಪ್ಪತ್ತು ಎಂದ ಕೂಡಲೇ ಎರಡನೆಯ ದೀಪವನ್ನೂ ಆರಿಸುತ್ತಾನೆ. ಅಷ್ಟೇ.

ನಾಲ್ಕನೆಯ ಪ್ರದರ್ಶನದಲ್ಲಿ ಅವರು ಹತ್ತೊಂಬತ್ತಕ್ಕೆ ನಿಂತರು. ಡಬ್ಬಿಯ ತಳ ತಡವಿದರು. ಮತ್ತೆ ಒಂದರಿಂದ ಎಣಿಸಿದರು, ಬ್ಯಾಂಕಿನ ವೇಗದಲ್ಲಿ. ಹತ್ತೊಂಬತ್ತು. ನಾನು ವಿಂಗಿನಲ್ಲಿ ರಂಗಸಾಮಗ್ರಿ ನೋಡಿಕೊಳ್ಳುವ ಹುಡುಗನ ಕಡೆ ತಿರುಗಿದೆ, ಅವನು ಬಿಳಿಚಿಕೊಂಡಿದ್ದ. ವೇದಿಕೆಯ ಮೇಲೆ ಸಾಹೇಬರು ಮಂಡಿಯೂರಿ ಸಂಪಿನ ಸುತ್ತ, ಕುರ್ಚಿಯ ಕೆಳಗೆ ಕೈಯಾಡಿಸುತ್ತಿದ್ದರು. ಸಭೆಯಲ್ಲಿ ಒಬ್ಬರೂ ಅಲುಗಲಿಲ್ಲ. ಬೆಳಕಿನ ಹುಡುಗ ಕೈಯನ್ನು ಸ್ವಿಚ್ಚಿನ ಮೇಲಿಟ್ಟು ಕಾಯುತ್ತಿದ್ದ, ಇಪ್ಪತ್ತು ಎನ್ನದೆ ಆರಿಸುವಂತಿಲ್ಲ. ಕೊನೆಗೆ ಸಾಹೇಬರೇ ಎದ್ದು ಹೋಗಿ ದೀಪ ಆರಿಸಿದರು. ಕತ್ತಲಲ್ಲಿ ಕಬ್ಬಿಣದ ಮೇಲೆ ಕಬ್ಬಿಣ ಇಡುವ ಸದ್ದು ಮತ್ತೆ ಶುರುವಾಯಿತು. ಒಂದು, ಎರಡು, ಮೂರು. ಪರದೆ ಎಳೆದ ಮೇಲೂ ಎಣಿಸುತ್ತಿದ್ದರು.

ಅಲ್ಲಿಂದಾಚೆಗೆ ಪ್ರತಿ ಪ್ರದರ್ಶನದಲ್ಲೂ ಡಬ್ಬಿಗೆ ಹತ್ತೊಂಬತ್ತೇ ಹಾಕುತ್ತೇವೆ. ಕಾಣೆಯಾದ ಬಿಸ್ಕತ್ತು ವಾರದ ನಂತರ ಸಿಕ್ಕಿತು. ಉಡದ ಹೊಟ್ಟೆಯ ಹೊಲಿಗೆ ಮತ್ತೆ ಬಿಚ್ಚಿಕೊಂಡಿತ್ತು, ನಾರಿನೊಳಗೆ ಇತ್ತು. ಹೊರಗೆ ತೆಗೆಯದೆ ಹಾಗೇ ಹೊಲಿದೆವು.